ಗಾ ಅರಸ ಒಕೈಕೊಯಿಯ ಚರಿತ್ರೆ

ಕಿಟ್ಟೆಲ್ ಪಂಡಿತರ ಕನ್ನಡ ನಿಘಂಟು 1894ನೆಯ ಇಸವಿಯಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಿದ್ದುದನ್ನು ನಮ್ಮ ವಾಚಕರು ಬಲ್ಲರು. ಮರುವರ್ಷವೇ ಅದೇ ಮಿಶನ್ನಿಗೆ ಸೇರಿದ ಇನ್ನೊಬ್ಬ ವಿದ್ವಾಂಸನ ಗ್ರಂಥವು ಬಾಸೆಲ್ ನಗರದಲ್ಲಿ ಪ್ರಕಟವಾದುದು ಮಾತ್ರ ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಆತನು ಕಾರ್ಲ್ ಕ್ರಿಶ್ಚಿಯನ್ ರೈಂಡಾರ್ಫ್ ಎಂಬ ಪಾದ್ರಿ. ಈಗ ಘಾನಾ ಎನ್ನಿಸಿಕೊಳ್ಳುವ ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ 1834ರಲ್ಲಿ ಹುಟ್ಟಿದವನು. ಗಾ ಜನಾಂಗದವನು, ಡೇನಿಶ್ ರಕ್ತವೂ ಬೆರೆತವನು. ಗೋಲ್ಡ್ ಕೋಸ್ಟ್ ಮತ್ತು ಅಸಾಂಟೆ ಸೀಮೆಗಳ ಇತಿಹಾಸವೇ ಆ ಗ್ರಂಥ. ಅದರಲ್ಲಿ ಗಾ ಅರಸನಾದ ಒಕೈಕೊಯಿಯ ವೃತ್ತಾಂತವು ಬರುವ ಭಾಗವನ್ನಷ್ಟೇ ಇಲ್ಲಿ ಪರಿಶೀಲಿಸುವೆನು.

ಇನ್ನೂರಕ್ಕೂ ಮಿಕ್ಕಿದ ಸ್ತ್ರೀಪುರುಷರ ಬಾಯಿಂದ ಕೇಳಿ ಸಂಗ್ರಹಿಸಿದ ಗ್ರಂಥವಿದು. ಸಂಜೆಯ ಹೊತ್ತು ಅಜ್ಜಿಯು ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕೂಡಿಸಿಕೊಂಡು ಹೇಳುತ್ತಿದ್ದ ಪೂರ್ವಕಥೆಗಳೇ ತನಗೆ ಮೊದಲ ಪ್ರೇರಣೆಯೆಂದು ಗ್ರಂಥಕರ್ತನು ಪೀಠಿಕೆಯಲ್ಲಿ ಕೃತಜ್ಞತೆಯಿಂದ ನೆನೆಯುತ್ತಾನೆ. ಅಜ್ಜಿಯ ಮಾತನ್ನು ಪ್ರಮಾಣವೆಂದು ಒಪ್ಪಿಕೊಳ್ಳುವ ಧೈರ್ಯ ಆ ಕಾಲದ ಇತಿಹಾಸಕಾರರಲ್ಲಿ ಎಷ್ಟು ಜನಕ್ಕಿತ್ತು?

ಕಥೆಯ ಸಾರವು ಹೀಗಿದೆ. ಇಂದಿನ ಅಕ್ರಾ ನಗರದ ಒಳಗಡೆ, ಸಮುದ್ರದಿಂದ ದೂರದಲ್ಲಿ, ಅಯವಾಸೋ ಎಂಬ ಗುಡ್ಡ. ಅಲ್ಲಿ ಗಾ ಜನರ ಹಳೆಯ ರಾಜಧಾನಿ. ಅರಸು ಮಾಂಪೊಂಗ್ ಒಕೈಯ ತರುವಾಯ ಅವನ ಪತ್ನಿ ದೊದೆ ಅಕಾಬಿಯು ತಾನೇ ಆಳಿದಳು. ಆಗದ ಕೆಲಸಗಳನ್ನು ಆಜ್ಞಾಪಿಸಿ ಪ್ರಜೆಗಳನ್ನು ಗೋಳಾಡಿಸಿದಳು. ಕಡೆಗೆ ಬಾವಿಯೊಂದನ್ನು ತೋಡಿಸುತ್ತಿದ್ದಾಗ, ತೋಡುವವರು ಅವಳನ್ನೇ ಒಳಕ್ಕಿಳಿಸಿ ಕಲ್ಲು ಸುರಿದು ಕೊಂದರು. ಆಕೆಯ ಮಗನೇ ಒಕೈಕೊಯಿ. ಅಕ್ವಾಮು ರಾಜ್ಯದ ರಾಜಕುಮಾರನೊಬ್ಬನು ಇವನ ಆಸ್ಥಾನದಲ್ಲಿ ಬೆಳೆಯುತ್ತಿದ್ದನು. ಗಾ ಜನರ ಪದ್ಧತಿಯಂತೆ ಅವನಿಗೂ ಸುನ್ನತಿಯಾಯಿತು. ಅಂಗದಲ್ಲಿ ಊನವಿರುವವನು ಅಕ್ವಾಮು ಪೀಠವನ್ನು ಏರುವಂತಿಲ್ಲ. ಕತ್ತರಿಸಿದ್ದನ್ನು ಹಿಂದಕ್ಕೆ ಕೊಡಿರೆಂದು ಆ ಜನರು ಕೇಳಿದರಂತೆ! ಯುದ್ಧ ನಡೆಯಿತು. ಸೇನಾನಾಯಕರು ರಣದಲ್ಲಿ ಅರಸನ ಕೈಬಿಟ್ಟರು. ಗಾ ಜನರು ಎಂದಿಗೂ ಒಮ್ಮನಸ್ಸಾಗದಿರಲೆಂದು ಶಪಿಸಿ ಅವನು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡನು.

ಈ ಕಡೆಯ ಪ್ರಸಂಗವನ್ನು ಓದುವಾಗ ಮನಸ್ಸು ಕರಗದಿರದು. ಸ್ವಜನರ ದ್ರೋಹವನ್ನು ಗ್ರಂಥಕರ್ತನು ಮುಚ್ಚಿಡಲಿಲ್ಲ. ಅರಸನನ್ನು ದೇವತೆಯನ್ನಾಗಿಯೂ ಮಾಡಲಿಲ್ಲ. ನಮ್ಮ ಸ್ಥಳಪುರಾಣಗಳನ್ನು ಬರೆದವರಲ್ಲಿ ಈ ಸಂಯಮವು ಅಪರೂಪ.

ಆದರೆ ಆಕ್ಷೇಪವೂ ಉಂಟು. ಮೀಮಾಂಸಕರು ಅರ್ಥವಾದವೆಂದು ಒಂದನ್ನು ಹೇಳುವರು: ನಡೆದುದನ್ನು ತಿಳಿಸುವುದು ಅದರ ಗುರಿಯಲ್ಲ, ಸ್ತುತಿಸುವುದು ಅಥವಾ ನಿಂದಿಸುವುದು ಅದರ ಗುರಿ. ದೊದೆ ಅಕಾಬಿಯ ಕಥೆ ನನಗೆ ನಿಂದಾರ್ಥವಾದವಾಗಿ ಕಾಣುತ್ತದೆ. ಆಗದ ಕೆಲಸ ಹೇಳುವ ಕ್ರೂರ ಪ್ರಭುವಿನ ಕಥೆ ಲೋಕದಲ್ಲಿ ಎಲ್ಲಿಲ್ಲ? ಹೆಂಗಸು ಆಳಿದಳೆಂಬುದು ಚರಿತ್ರೆಯಿರಬಹುದು. ಆಳಿದುದರಿಂದಲೇ ಕೇಡಾಯಿತೆಂಬುದು ಹೇಳಿದವರ ಅಭಿಪ್ರಾಯ. ಇವೆರಡನ್ನೂ ರೈಂಡಾರ್ಫನು ಬೇರ್ಪಡಿಸಲಿಲ್ಲ. ಶಾಪದ ಸಂಗತಿಯೂ ಹಾಗೆಯೇ. ಬ್ರಿಟಿಷರ ಆಳ್ವಿಕೆಯಲ್ಲಿ ಊರು ಊರಿಗೆ ಕಲಹವಿದ್ದುದನ್ನು ಕಣ್ಣಾರೆ ಕಂಡವನು ಅವನು. ಕಾರ್ಯವನ್ನು ಮೊದಲು ಕಂಡು ಕಾರಣವನ್ನು ಆಮೇಲೆ ಹುಡುಕಿದವರ ಮಾತನ್ನು ನಂಬಿದನು. ಹುಡುಗರು ತರ್ಕಸಂಗ್ರಹದಲ್ಲಿ ಹೀಗೆ ತಪ್ಪಿದಾಗ ನಮ್ಮ ಗುರುಗಳು ಸುಮ್ಮನಿರುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಕಾಲನಿರ್ಣಯದ್ದು. ಒಕೈಕೊಯಿಯ ಮರಣವನ್ನು ಅವನು 1660ರಲ್ಲಿಟ್ಟನು. ಯುರೋಪಿನ ವರ್ತಕರ ಕಡತಗಳನ್ನು ಶೋಧಿಸಿದ ಈಚಿನ ವಿದ್ವಾಂಸರು ಅಯವಾಸೋ ಬಿದ್ದುದು 1677ರಲ್ಲಿ ಎನ್ನುತ್ತಾರೆ. ಹದಿನೇಳು ವರ್ಷಗಳ ಅಂತರವೇನು ಮಹಾ ಎಂದು ಕೇಳಬಹುದು. 1660ರಲ್ಲಿ ಆ ತೀರದಲ್ಲಿ 1649ರ ಡಚ್ಚರ ನೆಲೆಯೊಂದು ಇದ್ದಿತು. 1661ರಲ್ಲಿ ಡೇನರು, 1673ರಲ್ಲಿ ಆಂಗ್ಲರು ಬಂದು ಕೋಟೆ ಕಟ್ಟಿಕೊಂಡರು. ಒಳನಾಡಿನ ವರ್ತಕರು ನೇರವಾಗಿ ಕಡಲಿಗಿಳಿಯದಂತೆ ಗಾ ಅರಸರು ತಡೆದು, ಅಬೊನ್ಸೆಯ ಸಂತೆಯಲ್ಲಿಯೇ ವ್ಯಾಪಾರ ನಡೆಯುವಂತೆ ಕಟ್ಟುಮಾಡಿದ್ದರು. ಅಕ್ವಾಮು ಅರಸ ಅನ್ಸಾ ಸಸ್ರಾಕುವಿಗೆ ಆ ತಡೆಯೇ ಮುಳ್ಳು. ಹೀಗಿರಲು ಸುನ್ನತಿಯು ನೆಪಮಾತ್ರವಾಗಿ, ಮೂರು ಕೋಟೆಗಳ ವ್ಯಾಪಾರವೇ ಯುದ್ಧದ ಬೇರಾಗಿ ನಿಲ್ಲುತ್ತದೆ. ಅರಸನನ್ನು ಕೊಂದವರು ದ್ರೋಹಿಗಳು ಮಾತ್ರವೆ ಎಂಬ ಪ್ರಶ್ನೆ ಆಗ ಏಳುವುದು. ಅಜ್ಜಿಯರ ನೆನಪಿನಲ್ಲಿ ಊರಿನವರ ತಪ್ಪು ಉಳಿಯಿತು, ಹೊರಗಿನವರ ಲಾಭ ಮರೆಯಾಯಿತು. ಕಥೆಗೆ ತಾನಾಗಿ ಇಸವಿ ಇರದಿದ್ದರೆ ದೋಷವಿಲ್ಲ. ಇಸವಿಯನ್ನು ಹಚ್ಚಿದ ಮೇಲೆ ಓದುಗನು ಅದನ್ನು ನಂಬಿಬಿಡುತ್ತಾನೆ.

ಇನ್ನೊಂದು ಮಾತು. ಗಾ ಭಾಷೆಯಲ್ಲಿ ಅರಸನಿಗೆ ಮಾಂತ್ಸೆ ಎಂದು ಹೆಸರು, ಊರಿನ ತಂದೆ ಎಂದರ್ಥ. ಪ್ರಜೆಗಳನ್ನು ರಂಜಿಸುವವನು ರಾಜನೆಂಬ ನಮ್ಮ ವ್ಯುತ್ಪತ್ತಿಗಿಂತ ಇದು ಹೆಚ್ಚು ಹೊರೆಯುಳ್ಳದ್ದು. ಮಾರ್ಗರೆಟ್ ಫೀಲ್ಡ್ ಎಂಬ ವಿದುಷಿಯು 1940ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೊದಲು ಊರನ್ನು ನಡೆಸುತ್ತಿದ್ದವರು ವುಲೊಮೊ ಎಂಬ ಪುರೋಹಿತರು, ಮಾಂತ್ಸೆಯ ಪದವಿ ಯುದ್ಧಕಾರ್ಯದಿಂದ ಹುಟ್ಟಿದುದು ಎಂದು ವಾದಿಸಿದಳು. ಆಕೆಯ ಮಾತು ನಿಜವಾದರೆ ರೈಂಡಾರ್ಫನು ಚಿತ್ರಿಸಿದ ಆಸ್ಥಾನಕ್ಕೆ ಅವನ ಕಾಲದ ಬಣ್ಣವು ಸ್ವಲ್ಪ ಹತ್ತಿದೆಯೆನ್ನಬೇಕು.

ಇಷ್ಟಾದರೂ ಗ್ರಂಥವನ್ನು ನಾನು ಎರಡು ಸಲ ಓದಿದೆನು; ಮೂರನೆಯ ಸಲವೂ ಓದುವೆನು. ಒಂದೇ ಕೊರಗು: ಆ ಇನ್ನೂರು ಜನರಲ್ಲಿ ಬಾವಿಯ ಕಥೆಯನ್ನು ಹೇಳಿದವರು ಗಂಡಸರೋ ಹೆಂಗಸರೋ, ಶಾಪದ ಮಾತನ್ನು ಹೇಳಿದವರು ಯಾವ ಊರಿನವರೋ, ಆಯಾ ಕಥೆಯ ಪಕ್ಕದಲ್ಲಿಯೇ ಒಂದು ಸಾಲು ಬರೆದಿಡಬಾರದಾಗಿತ್ತೆ?