ಜವಾರಿಯ ಝೇಂಕಾರ

ಕಾಗಿನೆಲೆಯಲ್ಲಿ ಕನಕದಾಸರ ಚಿತ್ರ ಎಲ್ಲಿ ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ತಂಬೂರಿಯತ್ತ. ನಮ್ಮ ಸೀಮೆಯಲ್ಲಿ ಜವಾರಿ ಎಂದರೆ ನಾಟಿ ತಳಿ. ತಂಬೂರಿಯವರಿಗೆ ಅದು ಬೇರೆ: ಅಗಲ ಕುದುರೆಯ ಮೇಲೆ, ತಂತಿಯ ಅಡಿಗೆ ನೂಲಿನೆಳೆ ಸೇರಿಸಿ ಹುಟ್ಟಿಸುವ ಝೇಂಕಾರ. ನೂಲು ಕೂದಲೆಳೆಯಷ್ಟು ಸರಿದರೆ ಸಾಕು, ಮಂಕಾಗಿದ್ದ ತಂತಿ ಹಾಡತೊಡಗುತ್ತದೆ. ಭೌತಶಾಸ್ತ್ರದ ಹಳೆಯ ನಿಯಮವೊಂದರಂತೆ, ತಂತಿಯನ್ನು ಮೀಟಿದ ಜಾಗಕ್ಕೆ ತಕ್ಕಂತೆ ಕೆಲವು ಉಪಸ್ವರಗಳು ಏಳಲೇಬಾರದು. ತಂಬೂರಿಯಲ್ಲಿ ಅವೂ ಏಳುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲಿ ಬರೆದರು. ಅವರ ಪತ್ನಿ ಲೋಕಸುಂದರಿ ವೀಣೆ ನುಡಿಸುತ್ತಿದ್ದರು.

ಮಗ ವಿ. ರಾಧಾಕೃಷ್ಣನ್ ಕಿವಿಗೊಟ್ಟದ್ದು ಮಾತ್ರ ಆಕಾಶಕ್ಕೆ. ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದವರು. ಸೆಕೆಂಡಿಗೆ ಸುಮಾರು 11 ಸಲ ಮಿಡಿಯುವ ವೇಲಾ ಪಲ್ಸಾರ್ ಎಂಬ ನಕ್ಷತ್ರ 1969ರಲ್ಲಿ ತಟಕ್ಕನೆ ಲಯ ಏರಿಸಿತು. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕದಲ್ಲಿ, ಮ್ಯಾಂಚೆಸ್ಟರ್ ಎಂಬ ಸಹೋದ್ಯೋಗಿಯ ಜೊತೆ ಅದನ್ನು ಹಿಡಿದರು. ಏರಿದ್ದು ಹತ್ತು ಲಕ್ಷದಲ್ಲಿ ಸುಮಾರು 2 ಪಾಲು. ಯಾವ ತಬಲಜಿಯ ಕಿವಿಗೆ ಸಿಕ್ಕೀತು ಹೇಳಿ!

ಖಗೋಳ ಓದುವ ಬಿ.ಎಸ್ಸಿ. ಹುಡುಗನೊಬ್ಬ ಸಂಜೆ ಪುಸ್ತಕ ಮಡಚಿಟ್ಟು ಭಜನೆಗೆ ತಂಬೂರಿ ಹಿಡಿದು ಕೂತರೆ, ಹುಡುಗ ಓದು ಬಿಟ್ಟ ಎಂದು ನಾನಂತೂ ಅನ್ನಲಾರೆ. ಉಗುರಿನಿಂದ ನೂಲು ಸರಿಸುತ್ತಾನೆ, ಮೀಟುತ್ತಾನೆ, ಮತ್ತೆ ಸರಿಸುತ್ತಾನೆ.