ರೆಫರಿಗೆ ಟೋಪಿ ಹಾಕುವುದು ಆಟವಲ್ಲ

2002ರ ಜೂನ್ 3, ದಕ್ಷಿಣ ಕೊರಿಯಾದ ಉಲ್ಸಾನ್. ವಿಶ್ವಕಪ್‌ನ ಗುಂಪು ಪಂದ್ಯದಲ್ಲಿ ಬ್ರೆಜಿಲ್ ಟರ್ಕಿಯೆದುರು 2–1ರಿಂದ ಮುಂದಿತ್ತು, ಆಟ ಮುಗಿಯುತ್ತ ಬಂದಿತ್ತು. ಕಾರ್ನರ್ ಬಳಿ ಸಾವಕಾಶ ಮಾಡುತ್ತಿದ್ದ ರಿವಾಲ್ಡೊ ಕಡೆಗೆ ಹಕಾನ್ ಉನ್ಸಾಲ್ ಸಿಟ್ಟಿನಿಂದ ಚೆಂಡು ಒದ್ದರು. ಅದು ಬಡಿದದ್ದು ಕಾಲಿಗೆ. ರಿವಾಲ್ಡೊ ಹಿಡಿದುಕೊಂಡು ಉರುಳಿದ್ದು ಮುಖವನ್ನು! ರೆಫರಿ ನಂಬಿದರು, ಉನ್ಸಾಲ್ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದರು. ಫಿಫಾ ಆಮೇಲೆ ರಿವಾಲ್ಡೊಗೆ ದಂಡ ಹಾಕಿತು, ಒಂದು ಪಂದ್ಯದಿಂದಲೂ ಹೊರಗಿಡಲಿಲ್ಲ. ಆ ಸಲದ ಕಪ್ ಬ್ರೆಜಿಲ್‌ನದೇ ಆಯಿತು.

ಇದೂ ಆಟದ ಚಾಣಾಕ್ಷತನವೇ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚಾಣಾಕ್ಷತನ ಎಲ್ಲಿ ಮುಗಿದು ಮೋಸ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲು, ಯಾಮಾರಿದವರು ಯಾರು ಎಂದು ನೋಡಿದರೆ ಸಾಕು. ಎಡಕ್ಕೆ ಬಾಗಿದಂತೆ ಮಾಡಿ ಬಲಕ್ಕೆ ನುಗ್ಗುವ ವಿಂಗರ್, ಗೋಲ್‌ಕೀಪರ್ ಕದಲುವ ತನಕ ಕಾದು ಪೆನಾಲ್ಟಿ ಒದೆಯುವ ಆಟಗಾರ, ಇಬ್ಬರೂ ಯಾಮಾರಿಸುವುದು ಎದುರಾಳಿಯನ್ನು. ಅದಕ್ಕೆ ಆಟದಲ್ಲೇ ಉತ್ತರ ಕೊಡಬಹುದು. ರೆಫರಿಯ ಕಣ್ಣಿಗೆ ಮಣ್ಣೆರಚಿದಾಗ ಎದುರಾಳಿಯ ಯಾವ ಕೌಶಲವೂ ಕೆಲಸಕ್ಕೆ ಬಾರದು.

ನಿಜವಾದ ಕಷ್ಟ ಇವೆರಡರ ನಡುವೆ ಇದೆ. ಡಿಫೆಂಡರ್ ಕಾಲು ನಿಜವಾಗಿಯೂ ತೊಡರಿದಾಗ, ಸಾವರಿಸಿಕೊಳ್ಳಬಹುದಾದರೂ ಬೀಳುವವರನ್ನು ನಾನು ಕ್ಷಮಿಸಬಲ್ಲೆ; ಬೀಳದಿದ್ದರೆ ಎಷ್ಟೋ ಸಲ ಸೀಟಿ ಕೇಳುವುದೇ ಇಲ್ಲ. ಎದುರಾಳಿಯ ಕಾಲನ್ನು ಹುಡುಕಿಕೊಂಡು ಹೋಗಿ ತನ್ನ ಕಾಲು ಚಾಚಿ ಬೀಳುವುದು ಮಾತ್ರ ಶುದ್ಧ ಮೋಸ. ಮೈಗೆ ಕೈ ಸೋಕಿದ್ದನ್ನೇ ದೊಡ್ಡ ಹೊಡೆತವೆಂಬಂತೆ ತೋರಿಸುವುದೂ ಹಾಗೆಯೇ. 2018ರ ವಿಶ್ವಕಪ್‌ನಲ್ಲಿ ಕೋಸ್ಟರಿಕಾ ವಿರುದ್ಧ ನೇಮಾರ್ ಬಿದ್ದದ್ದು ಅಂಥದೇ ಸೋಕಿಗೆ. ರೆಫರಿ ಬ್ಯೋರ್ನ್ ಕೈಪರ್ಸ್ ಪೆನಾಲ್ಟಿ ಕೊಟ್ಟರು. ವಿಡಿಯೊ ನೋಡಿ ಹಿಂದಕ್ಕೆ ಪಡೆದರು. ಆ ಬೀಳುವಿಕೆಗೆ ಕಾರ್ಡ್ ತೋರಿಸಲಿಲ್ಲ. ರೆಫರಿಯನ್ನು ವಂಚಿಸುವ ನಟನೆಗೆ ಹಳದಿ ಕಾರ್ಡ್ ಎಂದು ಫುಟ್‌ಬಾಲ್‌ನ 12ನೇ ನಿಯಮ ಹೇಳುತ್ತದೆ. ಸಿಕ್ಕಿಬಿದ್ದರೂ ಕಳೆದುಕೊಳ್ಳುವುದು ಏನೂ ಇಲ್ಲವೆಂದಾದರೆ ಇನ್ನೊಮ್ಮೆ ಬೀಳದೆ ಇರುತ್ತಾರೆಯೇ?

ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2017ರಲ್ಲಿ ಸರಿಯಾದ ದಾರಿ ಹಿಡಿಯಿತು. ನಟಿಸಿ ಪೆನಾಲ್ಟಿ ಗಿಟ್ಟಿಸಿದವರಿಗೆ, ಎದುರಾಳಿಯನ್ನು ಹೊರಗಟ್ಟಿಸಿದವರಿಗೆ ಪಂದ್ಯದ ನಂತರ ವಿಡಿಯೊ ನೋಡಿ ಎರಡು ಪಂದ್ಯಗಳ ನಿಷೇಧ. ಪ್ರೀಮಿಯರ್ ಲೀಗ್‌ನಲ್ಲಿ ಮೊದಲು ಸಿಕ್ಕಿಬಿದ್ದವರು ಎವರ್ಟನ್‌ನ ಊಮರ್ ನಿಯಾಸ್. ಕೋಟಿಗಟ್ಟಲೆ ಗಳಿಸುವ ಆಟಗಾರನಿಗೆ ದಂಡದ ಹಣ ಲೆಕ್ಕಕ್ಕಿಲ್ಲ. ಆಡಲಾಗದೆ ಹೊರಗೆ ಕೂರುವುದು ನೋಯಿಸುತ್ತದೆ. ವಿಶ್ವಕಪ್‌ನಲ್ಲೂ ಫಿಫಾ ಇದೇ ಶಿಕ್ಷೆ ಕೊಡಬೇಕು, ಆಟಗಾರ ಎಷ್ಟೇ ದೊಡ್ಡವನಾಗಿರಲಿ.