ಕೆಳಗಿಟ್ಟ ಗುದ್ದಲಿ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ದೆವ್ವದ ಕತೆ ಕೇಳಿ ಬೆಳೆದವರಿಗೆ ಒಂದು ವಿಷಯ ಗೊತ್ತಿರುತ್ತದೆ: ದೆವ್ವ ಮನಸ್ಸಿಗೆ ಬಂದಂತೆ ನಡೆಯುವುದಿಲ್ಲ. ರಾತ್ರಿ ಹೊರಗಿನಿಂದ ಯಾರಾದರೂ ಕೂಗಿದರೆ ಮೊದಲ ಕೂಗಿಗೆ ಓಗೊಡಬಾರದು. ದೆವ್ವದ ಪಾದ ಹಿಂದುಮುಂದು. ಕೈಯಲ್ಲಿ ಕಬ್ಬಿಣವಿದ್ದರೆ ಅದು ಹತ್ತಿರ ಬಾರದು. ಹೀಗಾಗಿ, ತೋಟಕ್ಕೆ ನೀರು ಕಟ್ಟಲು ಹೋದವನನ್ನು ದೆವ್ವ ಹಿಡಿಯಿತು ಎಂದು ಅಜ್ಜಿ ಹೇಳಿದರೆ, ಕೇಳುತ್ತ ಕೂತ ಮಕ್ಕಳಲ್ಲಿ ಒಂದಾದರೂ ‘ಅವನ ಕೈಲಿ ಗುದ್ದಲಿ ಇತ್ತಲ್ಲಜ್ಜಿ?’ ಎನ್ನುತ್ತಿತ್ತು. ಅಜ್ಜಿ ಉತ್ತರ ಕೊಡಲೇಬೇಕು. ‘ಬೀಡಿ ಹಚ್ಚೋಕೆ ಕೆಳಗಿಟ್ಟಿದ್ದ ಕಣೋ’ ಎಂದಾಗ ಮೈ ಜುಮ್ಮೆನ್ನುತ್ತಿತ್ತು. ನಮ್ಮನ್ನು ಹೆದರಿಸಿದ್ದು ದೆವ್ವಕ್ಕಿಂತ ಹೆಚ್ಚಾಗಿ ಆ ಕೆಳಗಿಟ್ಟ ಗುದ್ದಲಿ.

ನಮ್ಮ ಬಹುಪಾಲು ಹಾರರ್ ಸಿನಿಮಾಗಳು ಈ ಮಗುವಿನ ಪ್ರಶ್ನೆಯನ್ನು ಕೇಳಿಸಿಕೊಳ್ಳುವುದೇ ಇಲ್ಲ. ಮಧ್ಯಂತರಕ್ಕೆ ಮೊದಲು ಬಾಗಿಲು ಬಡಿಯುವ ದೆವ್ವ ಆಮೇಲೆ ಗೋಡೆಯನ್ನೇ ದಾಟಿ ಬರುತ್ತದೆ. ಹಾಗಾದರೆ ಬಾಗಿಲು ಬಡಿದದ್ದೇಕೆ? ಯಾರೂ ಹೇಳುವುದಿಲ್ಲ, ಸದ್ದು ಮಾತ್ರ ಜೋರಾಗುತ್ತದೆ.

ಪಿ. ವಾಸು ಅವರ ‘ಆಪ್ತಮಿತ್ರ’ (2004) ಮಲಯಾಳದ ‘ಮಣಿಚಿತ್ರತ್ತಾಳ್’ (1993) ಕತೆಯನ್ನು ಆಧರಿಸಿದ್ದು. ಅಲ್ಲಿ ನಾಗವಲ್ಲಿ ದೆವ್ವವಲ್ಲ, ಗಂಗಾಳ ಮನಸ್ಸಿನ ಕಾಯಿಲೆ. ಸೌಂದರ್ಯ ಅವರ ನಟನೆ ಇಂದಿಗೂ ಕಾಡುವುದಕ್ಕೆ ಈ ಸ್ಪಷ್ಟತೆಯೂ ಕಾರಣ. ವಿಷ್ಣುವರ್ಧನ್ ನಿಧನರಾದ ಮೇಲೆ, 2010ರಲ್ಲಿ, ತೆರೆಕಂಡ ‘ಆಪ್ತರಕ್ಷಕ’ದಲ್ಲಿ ಅದೇ ನಾಗವಲ್ಲಿಯ ಚಿತ್ರಪಟ ಹೋದ ಮನೆಗೆ ಕೇಡು ತರುತ್ತದೆ, ಎಂದೋ ಸತ್ತಿರಬೇಕಾದ ರಾಜ ಇನ್ನೂ ಬದುಕಿದ್ದಾನೆ. ಕಾಯಿಲೆಯೋ, ಶಾಪವೋ? ಎರಡೂ ಇರಲಿ ಎಂದಾಗ ಎರಡೂ ಸಡಿಲವಾಗುತ್ತವೆ. ಜನ ಮುಗಿಬಿದ್ದು ನೋಡಿದರು, ನಿಜ. ಅವರು ಹೋದದ್ದು ವಿಷ್ಣುವರ್ಧನ್ ಅವರನ್ನು ಕೊನೆಯದಾಗಿ ನೋಡಲು.

ಪವನ್ ಕುಮಾರ್ ಅವರ ‘ಯು ಟರ್ನ್’ (2016) ಹಿಡಿದದ್ದು ಒಂದೇ ಕಟ್ಟುಪಾಡು: ಬೆಂಗಳೂರಿನ ಫ್ಲೈಓವರ್ ಮೇಲೆ ರಸ್ತೆ ನಡುವಿನ ಕಲ್ಲು ಸರಿಸಿ ತಿರುಗಿಸಿದವರು ಸಾಯುತ್ತಾರೆ. ಕೊನೆಗೆ ನಾಯಕಿ ದೆವ್ವವನ್ನು ಎದುರಾಗಲು ತಾನೇ ಅಲ್ಲಿ ಯು ಟರ್ನ್ ತೆಗೆದುಕೊಳ್ಳುತ್ತಾಳೆ. ಮಂತ್ರವಾದಿ ಬೇಕಾಗುವುದಿಲ್ಲ, ಕತೆಯ ಬೀಗಕ್ಕೆ ಕತೆಯೊಳಗೇ ಕೀಲಿ ಇದೆ.

ದೆವ್ವವೇ ಸುಳ್ಳು, ಅದಕ್ಕೆಂಥ ತರ್ಕ ಎನ್ನುವವರಿದ್ದಾರೆ. ಒಂದು ಸುಳ್ಳನ್ನು ಟಿಕೆಟ್ ಕೊಳ್ಳುವಾಗಲೇ ಒಪ್ಪಿರುತ್ತೇವೆ. ಆ ಸುಳ್ಳಿಗೆ ಸಿನಿಮಾ ತಾನಾದರೂ ನಿಷ್ಠವಾಗಿರಬೇಕು. ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದ ಜನ ಕಟ್ಟಿದ ಕತೆ ನೋಡಿ: ದೆವ್ವಕ್ಕೆ ಓದು ಬರುತ್ತದೆ, ಅದು ಮಾತು ಕೇಳುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಎರಡೇ ಪದದಲ್ಲಿ ಎಲ್ಲೂ ಬಿರುಕಿಲ್ಲದ ಚಿತ್ರಕತೆ. ಮಳೆಗೆ ಆ ಬರಹ ಅಳಿಸಿತೇನೋ ಎಂಬ ಭಯವೂ ಅದರೊಳಗೇ ಇದೆ.

ಇದಕ್ಕೆ ಗ್ರಾಫಿಕ್ಸ್ ಬೇಡ, ದುಡ್ಡು ಬೇಡ. ಚಿತ್ರೀಕರಣಕ್ಕೆ ಮೊದಲು ಕತೆಯನ್ನು ನಾಲ್ಕು ಮಕ್ಕಳ ಮುಂದೆ ಹೇಳಿದರೆ ಸಾಕು. ಗುದ್ದಲಿ ಎಲ್ಲಿತ್ತು ಎಂದು ಅವರು ಕೇಳಿಯೇ ಕೇಳುತ್ತಾರೆ.